ಹೆಂಡತಿಯ ಪಾಲಿನ ಜಮೀನು

ಅಮೆರಿಕದ ಆರೆಗನ್‌ನ ವಿಲಾಮೆಟ್ ಕಣಿವೆಗೆ 1851ರ ನವೆಂಬರ್ ಎಂದರೆ ಮದುವೆಗಳ ಸುಗ್ಗಿ. ಡಿಸೆಂಬರ್ ಒಂದರೊಳಗೆ ಮದುವೆಯಾದ ಗಂಡಸಿಗೆ ಸರ್ಕಾರ ಎರಡರಷ್ಟು ಜಮೀನು ಕೊಡುತ್ತಿತ್ತು. ಆ ಹೆಚ್ಚುವರಿ ಅರ್ಧ ಹೆಂಡತಿಯ ಹೆಸರಿಗೆ. ಆದರೆ ವಯಸ್ಸಿಗೆ ಬಂದ ಹೆಣ್ಣುಗಳೇ ಆ ಕಡೆ ಅಪರೂಪ. ಹಾಗಾಗಿ ನಲವತ್ತು ದಾಟಿದ ಬ್ರಹ್ಮಚಾರಿಗಳು ಗಡ್ಡ ಬೋಳಿಸಿಕೊಂಡು, ಹನ್ನೆರಡು ಹದಿಮೂರರ ಹುಡುಗಿಯರಿದ್ದ ಮನೆಗಳ ಬಾಗಿಲು ತಟ್ಟುತ್ತಿದ್ದರು.

ಡೋರ್ಕಾಸ್ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದಾಗ ಗಂಡ ಜೋಥಮ್ ಕೈಯಲ್ಲಿ ಟೋಪಿ ತಿರುಗಿಸುತ್ತ ಬಂದು ನಿಂತ. ಏನೋ ಎಡವಟ್ಟು ಮಾಡಿಕೊಂಡು ಬಂದಿದ್ದಾನೆಂದು ಅವಳಿಗೆ ಆಗಲೇ ಗೊತ್ತಾಯಿತು.

"ನಮ್ಮ ಮೆಲ್ವೀನಾನ ಪ್ರೂಯಿಟ್ ಕೇಳ್ತಿದಾನೆ ಕಣೇ. ಭಾನುವಾರ ಪಾದ್ರಿಗಳು ಬರ್ತಾರೆ."

"ಅವಳಿಗಿನ್ನೂ ಹದಿಮೂರು ತುಂಬಿಲ್ಲ! ಅವನಿಗೆ ನಿಮ್ಮಷ್ಟೇ ವಯಸ್ಸು."

"ಕಾಗದಕ್ಕಷ್ಟೇ ಮದುವೆ. ಹದಿನಾರಾಗೋವರೆಗೂ ನಮ್ಮನೇಲೇ ಇರ್ತಾಳೆ. ಎಲ್ರೂ ಮಾಡ್ತಿರೋದೇ ತಾನೆ?"

"ಹೊಳೆ ಆಚೆ ಮನೆ ಹುಡುಗಿ ಅಲ್ಮೀರಾಗೂ ಹೋದ ವರ್ಷ ಹಾಗೇ ಹೇಳಿದ್ರು. ಅಡುಗೆಗೆ ಜನ ಇಲ್ಲ ಅಂತ ಗಂಡ ಆ ಚಳಿಗಾಲದಲ್ಲೇ ಕರ್ಕೊಂಡು ಹೋದ. ಹೆರಿಗೇಲಿ ಅವಳ ಕೈ ಹಿಡಿದು ಕೂತಿದ್ದು ನಾನು ಕಣ್ರೀ. ಅಮ್ಮಾ ಅಮ್ಮಾ ಅಂತಾನೇ ಕಣ್ಣು ಮುಚ್ಚಿದ್ಲು."

ಜೋಥಮ್ ಕೆಟ್ಟವನಲ್ಲ, ಮಗಳೆಂದರೆ ಪ್ರಾಣ ಬಿಡುತ್ತಿದ್ದ. ಆದರೆ ಊರೆಲ್ಲ ಮಾಡುವುದು ತಪ್ಪಿರಲಾರದು ಎಂದು ನಂಬಿದವನು. ಮಕ್ಕಳನ್ನು ಕೊಲ್ಲುವುದು ಇಂಥ ಒಳ್ಳೆಯವರ ನಂಬಿಕೆಯೇ.

"ಮಾತು ಕೊಟ್ಟಾಗಿದೆ," ಎಂದು ಗೊಣಗಿ ಹೊರಗೆ ಹೋದ.

ಭಾನುವಾರ ಪಾದ್ರಿಯೂ ಪ್ರೂಯಿಟ್ಟೂ ಬಂದರು. ಕರುವಿನ ಹಿಂದೆ ಓಡಿ ಮೊಣಕಾಲವರೆಗೂ ಕೆಸರು ಮಾಡಿಕೊಂಡಿದ್ದ ಮೆಲ್ವೀನಾ, "ಅಮ್ಮಾ, ಮದುವೆ ಮುಗಿಯೋಕೆ ಎಷ್ಟು ಹೊತ್ತಾಗುತ್ತೆ? ಕರು ಇನ್ನೂ ಸಿಕ್ಕೇ ಇಲ್ಲ," ಎಂದಳು. ಡೋರ್ಕಾಸ್ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಪಾದ್ರಿಗಳೇ, ನಮ್ಮ ಜಮೀನಲ್ಲೂ ಅರ್ಧ ನನ್ನ ಹೆಸರಲ್ಲಿದೆ. ಈ ಮನೆ ನಿಂತಿರೋದು ಆ ಅರ್ಧದಲ್ಲಿ. ಊಟಕ್ಕೆ ಬಂದಿದ್ರೆ ಸಂತೋಷ, ಕೈ ತೊಳ್ಕೊಳ್ಳಿ. ಮದುವೆಗೆ ಬಂದಿದ್ರೆ ಹೊಸಲು ದಾಟಬೇಡಿ."

ಪ್ರೂಯಿಟ್ ಜೋಥಮ್‌ನ ಕಡೆ ತಿರುಗಿದ. "ಏನಯ್ಯಾ, ನಿನ್ನ ಮನೇಲಿ ಹೆಂಡತಿ ಮಾತೇ ನಡೆಯೋದಾ?"

ಜೋಥಮ್ ಮಗಳ ಕೆಸರುಗಾಲುಗಳನ್ನೇ ನೋಡುತ್ತಿದ್ದ.

"ಅವಳ ಮನೆ ಕಣಯ್ಯ," ಎಂದ.

ಪ್ರೂಯಿಟ್ ಮುಖ ಗಂಟಿಕ್ಕಿಕೊಂಡು, ಪಾದ್ರಿಯನ್ನು ಹೊರಡಿಸಿಕೊಂಡು, ನೆರೆಹೊಲದವರ ಮನೆಯ ದಾರಿ ಹಿಡಿದ. ಅಲ್ಲೂ ಹನ್ನೆರಡರ ಹುಡುಗಿಯೊಬ್ಬಳಿದ್ದಳು. ಡೋರ್ಕಾಸ್ ಶಾಲು ಹೊದ್ದು ಅಂಗಳಕ್ಕಿಳಿದಳು.

"ನಡ್ಕೊಂಡು ಹೋದ್ರೆ ಅವನೇ ಮೊದಲು ಸೇರ್ತಾನೆ ಕಣೇ," ಎನ್ನುತ್ತ ಜೋಥಮ್ ಕುದುರೆ ಬಿಚ್ಚಿ ತಂದ.