ಊದಿದ ಹಾಗೆ

ಆಲ್ವಿನ್ ಭಾಷಣದ ಚೀಟಿಯನ್ನು ನಾಲ್ಕನೇ ಸಲ ಮಡಚುತ್ತಿದ್ದಾಗ, ಸತ್ತವನ ಮಗಳು ಶರೀಸ್ ಬಂದು ಅವನ ಕೋಟಿಗೆ ಬಿಳಿ ಹೂ ಸಿಕ್ಕಿಸಿದಳು. ಅಮೆರಿಕದ ಡೇಟನ್ ಊರಿನ ಆ ಚರ್ಚಿನ ತುಂಬ ಜನ. ಎದುರಿಗೆ ಕ್ಲೀಟಸ್‌ನ ಶವಪೆಟ್ಟಿಗೆ ಇನ್ನೂ ತೆರೆದೇ ಇತ್ತು.

"ಅಂಕಲ್, ಬ್ಯಾಂಡಿನ ವಿಷಯ ನೀವೇ ಹೇಳ್ಬೇಕು. ತುಟಿ ನೋವು ಬರದೆ ಇದ್ದಿದ್ರೆ ಅಪ್ಪ ಕೊನೇವರೆಗೂ ನಿಮ್ ಜೊತೆನೇ ಟ್ರಾಂಬೋನ್ ಊದ್ತಿದ್ರು, ಅಲ್ವಾ?"

"ತುಟಿ ನೋವಾ?"

"ಅದಕ್ಕೇ ಬಿಟ್ಟಿದ್ದಂತೆ. 'ಆಲ್ವಿನ್ ಕೈ ಹಿಡ್ಕೊಂಡು ಬಿಡ್ಬೇಡ ಅಂದ, ನಾನೇ ಕೇಳ್ಲಿಲ್ಲ' ಅಂತಿದ್ರು."

ಕ್ಲೀಟಸ್ ಜೊತೆ ಕಾರ್ಖಾನೆಯಲ್ಲಿ ದುಡಿದ ಓಟಿಸ್ ಹಿಂದಿನ ಬೆಂಚಿನಿಂದ ನಕ್ಕ. "ಊಟದ ಹೊತ್ತಲ್ಲಿ ತುಂಡು ಪೈಪ್ ಸಿಕ್ರೂ ಊದೋನು ಆಸಾಮಿ. ತುಟಿ ನೋವಂತೆ!"

ಆಲ್ವಿನ್ ನಗಲಿಲ್ಲ. ಚೀಟಿಯನ್ನು ಐದನೇ ಸಲ ಮಡಚಿದ.

\*

ಎಪ್ಪತ್ತೊಂಬತ್ತನೇ ಇಸವಿ. ಏಳು ವರ್ಷ 'ಸೋಲ್' ಎಂಬ ಧಾಟಿಯ ಹಾಡು ನುಡಿಸಿದ ಬ್ಯಾಂಡ್, ಊದುವವರೇ ನಾಲ್ವರು. ಜನ ಈಗ ಕುಣಿಯಲು 'ಫಂಕ್' ಎಂಬ ಧಾಟಿ ಕೇಳುತ್ತಿದ್ದರು, ಅದೂ ಯಂತ್ರದ ದನಿಯಲ್ಲಿ. ಬ್ಯಾಂಡಿನ ಯಜಮಾನ ಆಲ್ವಿನ್ ಎಲ್ಲ ವಾದ್ಯದ ದನಿಯನ್ನೂ ಕೀಲಿಮಣೆಯಲ್ಲೇ ಹೊರಡಿಸುವ ಸಿಂಥಸೈಜರ್ ತಂದ. ನಾಲ್ವರ ಕೆಲಸ ಒಂದು ಕೈಯಲ್ಲಿ ಮುಗಿಯಿತು. ಮೂವರು ಬೈದು ಹೊರಟರು. ಕ್ಲೀಟಸ್ ಉಳಿದ. ಯಾವ ಸ್ವರ ಎಲ್ಲಿ ಬೀಳಬೇಕೆಂದು ವಾರಗಟ್ಟಲೆ ಆಲ್ವಿನ್ ಪಕ್ಕದಲ್ಲಿ ಕೂತು ಹೇಳಿಕೊಟ್ಟವನೂ ಅವನೇ.

ಟೊಲೀಡೊ ಊರಿನ ಕಾರ್ಯಕ್ರಮಕ್ಕೆ ಮುಂಚೆ ಆಲ್ವಿನ್ ಅವನನ್ನು ಪಕ್ಕಕ್ಕೆ ಕರೆದ. "ನಿನ್ ಮೈಕ್ ಆಫ್ ಇರುತ್ತೆ ಕಣೋ. ಸುಮ್ನೆ ಊದಿದ ಹಾಗೆ ಮಾಡು. ನೋಡೋಕೆ ಚೆನ್ನಾಗಿರುತ್ತೆ."

"ನೋಡೋಕಾ?" ಎಂದ ಕ್ಲೀಟಸ್. ಅಷ್ಟೇ.

ಎರಡು ಗಂಟೆ ಅವನು ಕೆನ್ನೆ ಉಬ್ಬಿಸಿ, ಕೊಳವೆ ಎಳೆದು ತಳ್ಳುತ್ತ ನಿಂತ. ಆಲ್ವಿನ್ ಒಮ್ಮೆಯೂ ಅತ್ತ ತಿರುಗಲಿಲ್ಲ. ಮರುದಿನದಿಂದ ಕ್ಲೀಟಸ್ ಬರಲಿಲ್ಲ. ಯಾಕೆಂದು ಕೇಳಲು ಆಲ್ವಿನ್ ಹೋಗಲೂ ಇಲ್ಲ.

\*

ಪಾದ್ರಿ ಹೆಸರು ಕರೆಯುವ ಮೊದಲೇ ಆಲ್ವಿನ್ ಹೋಗಿ ಕ್ಲೀಟಸ್‌ನ ಹೆಂಡತಿ ಅರ್ನೆಸ್ಟೀನ್ ಪಕ್ಕ ಕೂತ.

"ನನ್ ಕೈಲಿ ಮಾತಾಡೋಕಾಗಲ್ಲ. ಅವನ ತುಟಿ ಸರಿಯಾಗೇ ಇತ್ತು. ಟೊಲೀಡೊದಲ್ಲಿ ನಾನು..."

"ಗೊತ್ತು. ಅವತ್ತು ಅವನ ಹುಟ್ಟುಹಬ್ಬ. ಹೇಳದೆ ಬಸ್ ಹತ್ತಿ ಬಂದು ಮೂರನೇ ಸಾಲಲ್ಲಿ ಕೂತಿದ್ದೆ. ಊದಿದ್ರೆ ಅವನ ಕುತ್ತಿಗೆ ನರ ಎದ್ದು ನಿಲ್ತಿತ್ತು. ಅವತ್ತು ಏಳ್ಲಿಲ್ಲ."

"ಅವನಿಗೆ ಹೇಳಿದ್ಯಾ?"

"ಹೇಳೋದಾ! ಅವನಿಗಿಂತ ಮುಂಚೆ ಮನೆ ಸೇರ್ಕೊಂಡೆ. ಬಂದೋನು ತುಟಿ ನೋವು ಅಂದ. ಮುಲಾಮು ಹಚ್ಚಿದೆ. ಮೂವತ್ತು ವರ್ಷ ಅವನು ನೋವು ಅಂದಾಗೆಲ್ಲ ಹಚ್ಚಿದೆ."

ಆಲ್ವಿನ್ ಚಾಚಿದ ಕೈಯನ್ನು ಅವಳು ಹಿಡಿಯಲಿಲ್ಲ. "ನನಗೇನು ಹೇಳ್ತೀಯ. ಮಗಳಿಗೆ ಹೇಳು."

ಅವನು ಎದ್ದು ನಿಂತು, ಎಲ್ಲರೆದುರು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆ ಚರ್ಚಿನಲ್ಲಿ ಎಂಥ ಮಾತಿಗೂ "ಆಮೆನ್" ಎನ್ನುವವರು ಇರುತ್ತಿದ್ದರು. ಅವತ್ತು ಯಾವ ಮೂಲೆಯಿಂದಲೂ ಅದು ಬರಲಿಲ್ಲ. ಶರೀಸ್ ತಲೆ ತಗ್ಗಿಸಿ ತನ್ನ ಉಂಗುರವನ್ನು ತಿರುಗಿಸುತ್ತಲೇ ಇದ್ದಳು.

ಆಮೇಲೆ ಆರು ಜನ ಪೆಟ್ಟಿಗೆ ಎತ್ತಿದರು. ಎಡಗಡೆ ನಡುವಿನಲ್ಲಿ ಆಲ್ವಿನ್, ಎಲ್ಲರಿಗಿಂತ ಗಿಡ್ಡ. ಮೆಟ್ಟಿಲಿಳಿಯುವಾಗ ಭಾರ ಅವನತ್ತ ವಾಲಿತು, ಹೆಜ್ಜೆ ತಪ್ಪಿತು. ಮುಂದಿದ್ದ ಓಟಿಸ್ ಹಿಂತಿರುಗಿ ನೋಡಲಿಲ್ಲ. ಹೆಜ್ಜೆಯನ್ನು ಮಾತ್ರ ಅವನಿಗೆ ಸರಿಹೊಂದುವಷ್ಟು ಚಿಕ್ಕದು ಮಾಡಿದ.