ಬಲ ಮೊಣಕಾಲಿಗೆ ಮೂರು ಸೂಜಿ

ನಾಲ್ಕು ತಿಂಗಳೊಳಗೆ ಸೀಮಾಳ ಬಲ ಮೊಣಕಾಲಿಗೆ ಮೂರು ಸೂಜಿ ಬಿದ್ದವು. ಮೂರಕ್ಕೂ ಆಕೆಯನ್ನು ಕರೆದುಕೊಂಡು ಹೋದವಳು ನಾನೇ. ಹೆಡ್‌ಮಾಸ್ತರರಿಗೆ ಇದನ್ನೇ ಸ್ವಲ್ಪ ತೊಳೆದು ಬಳಿದು ಹೇಳಿದ್ದೇನೆ. ನಡೆದದ್ದು ಮಾತ್ರ ಹೀಗೆ.

ನನ್ನ ಹೆಸರು ಅರುಣಾ. ಕುಂದಗೋಳ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಶಿಕ್ಷಕಿ. ಮಕ್ಕಳಿಗೂ ಅವರ ಅವ್ವಂದಿರಿಗೂ ಬರೀ ‘ಅಕ್ಕೋರು’. ಸೀಮಾ ಕುಬಿಹಾಳದಿಂದ ಬಸ್ಸಿಗೆ ಬರುವ ಹತ್ತನೇ ಇಯತ್ತೆಯ ಹುಡುಗಿ. ಹದಿನಾರು ವರ್ಷದ ನೌಕರಿಯಲ್ಲಿ ಅಂಥ ಖೋ ಖೋ ಆಟಗಾರ್ತಿಯನ್ನು ನಾನು ಕಂಡಿಲ್ಲ. ಬೆನ್ನಿಗೆ ಕೈ ತಾಗಿ ‘ಖೋ’ ಅನ್ನುವುದು ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಆಕೆ ಕೂತಲ್ಲಿಂದ ಎದ್ದು ಎರಡು ಹೆಜ್ಜೆ ಹೋಗಿರುತ್ತಿದ್ದಳು. ಅಕ್ಕೋರು ತಮ್ಮ ಈಡೇರದ ಆಸೆಯನ್ನು ಹುಡುಗಿಯ ಮೇಲೆ ಹೇರಿದರು ಅಂತ ಸ್ಟಾಫ್ ರೂಮಿನಲ್ಲಿ ಈಗ ಪುರಾಣ ನಡೆದಿದೆ. ಅಂಥಾದ್ದೇನಿಲ್ಲ. ನನಗೆ ಗೆಲ್ಲುವುದು ಬೇಕಿತ್ತು, ಅಷ್ಟೇ.

ಜುಲೈ ಕೊನೆಗೆ ಒಂದು ದಿನ ಆಕೆ, “ಅಕ್ಕೋರ, ಮಣಕಾಲ ಚಿಪ್ಪಿನ ಕೆಳಗ ಚುಚ್ಚತೈತ್ರಿ” ಅಂದಳು. ನಮ್ಮದು ಎರೆಮಣ್ಣಿನ ಮೈದಾನ. ಮಳೆಯಾದರೆ ರಾಡಿ, ಬಿಟ್ಟರೆ ಕಲ್ಲು. ಅದರ ಮೇಲೆ ದಿನಕ್ಕೆ ಇನ್ನೂರು ಸಲ ಕೂತು ಏಳುವ ಕಾಲು ಅದು. ನಾನು ಎಲ್ಲರೆದುರಿಗೆ, “ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ” ಅಂದೆ. ಹುಡುಗಿಯರು ನಕ್ಕರು, ಆಕೆಯೂ ನಕ್ಕಳು. ಮುಂದೆ ಮೂರು ವಾರ ನೋವಿನ ಸುದ್ದಿ ತೆಗೆಯಲಿಲ್ಲ. ಒಂದು ಸಂಜೆ ಸಾಲಿಯ ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ಇಳಿಯುವುದನ್ನು ಕಂಡಾಗಲೇ ಅದು ನೆಪವಲ್ಲ ಅಂತ ನನಗೆ ಗೊತ್ತಾದದ್ದು.

ಆಕೆಯ ಅಪ್ಪ ಮಲಕಪ್ಪ ಕುರಿ ಹಿಂಡಿನ ಸಂಗಡ ತಿಂಗಳುಗಟ್ಟಲೆ ಊರು ಬಿಟ್ಟಿರುತ್ತಾನೆ. ಹಾಗಾಗಿ ಅವ್ವ ದೇವಕ್ಕನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದೆವು. ಅಲ್ಲಿನ ಎಲುಬಿನ ಡಾಕ್ಟರು ಕಾಲನ್ನು ಒತ್ತಿ ನೋಡಿ, ಚಿಪ್ಪನ್ನು ಕೆಳಗಿನ ಎಲುಬಿಗೆ ಹಿಡಿದಿಟ್ಟಿರುವ ಪಟ್ಟಿ ಸವೆದಿದೆ, ಮೂರು ತಿಂಗಳು ಆಟ ಬಂದ್, ದಿನಾ ಈ ವ್ಯಾಯಾಮ ಅಂತ ಹೇಳಿ ಕಳಿಸಿದರು. ಹೊರಗೆ ಬಂದ ದೇವಕ್ಕನಿಗೆ ಸಮಾಧಾನವೇ ಇಲ್ಲ.

“ಇಷ್ಟ್ ದೂರ ಬಂದೇವಿ, ಒಂದ್ ಸೂಜಿ ಸೈತ ಮಾಡ್ಲಿಲ್ಲ. ಇವನೆಂಥಾ ಡಾಕ್ಟರ್ರಿ ಅಕ್ಕೋರ?”

ನಮ್ಮ ಕಡೆ ಸೂಜಿ ಮಾಡದ ಡಾಕ್ಟರನ್ನು ಯಾರೂ ಡಾಕ್ಟರು ಅನ್ನುವುದಿಲ್ಲ. ಓದಿದವಳು ನಾನು, ತಿಳಿಸಿ ಹೇಳಬೇಕಿತ್ತು. ಆದರೆ ಜಿಲ್ಲಾ ಮಟ್ಟದ ಪಂದ್ಯಕ್ಕೆ ಉಳಿದದ್ದು ಹತ್ತೇ ದಿನ. “ಖರೇನ ನೋಡವಾ” ಅಂದುಬಿಟ್ಟೆ. ಅದೇ ಮಧ್ಯಾಹ್ನ ಇನ್ನೊಂದು ಓಣಿಯ ಇನ್ನೊಬ್ಬ ಡಾಕ್ಟರ ಹತ್ತಿರ ಸ್ಟಿರಾಯ್ಡ್ ಸೂಜಿ ಆಯಿತು. ಪಾಲಕರ ಸಹಿಯನ್ನು ದೇವಕ್ಕ ನನ್ನಿಂದಲೇ ಮಾಡಿಸಿದಳು. ಎರಡು ವಾರ ಆಡಿಸಬೇಡಿ ಅಂದಿದ್ದರು, ನಾನು ಆರು ದಿನ ಬಿಟ್ಟೆ. ಏಳನೇ ದಿನ ಆಕೆ ಮೈದಾನದಲ್ಲಿ ಎದ್ದದ್ದು ನೋಡಿ ನನಗೆ ಕುಣಿಯುವಷ್ಟು ಖುಷಿಯಾಯಿತು.

“ಬ್ಯಾನಿ ಎಲ್ಲಿ ಹೋತೋ ಗೊತ್ತ ಇಲ್ರಿ ಅಕ್ಕೋರ” ಅಂದಳು ಸೀಮಾ.

ಜಿಲ್ಲೆ ಗೆದ್ದೆವು. ಆರು ವಾರಕ್ಕೆ ನೋವು ತಿರುಗಿ ಬಂತು, ವಿಭಾಗ ಮಟ್ಟದ ಹೊತ್ತಿಗೆ ಸರಿಯಾಗಿ. ಅದೇ ಡಾಕ್ಟರು ಎರಡನೆಯದನ್ನು ಮಾಡಿ, “ಇದ ಕಡೀದ್ರಿ. ಮತ್ತ ಮಾಡಿದ್ರ ಆ ಪಟ್ಟಿ ಹಳೇ ಹಗ್ಗದಂಗ ಎಳಿ ಬಿಡತೈತಿ” ಅಂದರು. ಅದನ್ನೂ ಗೆದ್ದೆವು. ಸಾಲಿಯ ಗೇಟಿಗೆ ನಮ್ಮಿಬ್ಬರ ಫೋಟೋದ ಬ್ಯಾನರ್ ಬಿತ್ತು. ರಾಜ್ಯ ಮಟ್ಟಕ್ಕೆ ಎಂಟು ದಿನ ಉಳಿದಾಗ ಸೀಮಾ ಕುಕ್ಕರುಗಾಲಲ್ಲಿ ಕೂರಲಾರದೆ ಹೋದಳು.

ದೇವಕ್ಕನಿಗೆ ಪ್ರಾಕ್ಟೀಸು ಅಂತ ಹೇಳಿ, ಅಣ್ಣಿಗೇರಿ ದಾಟಿ, ನಮ್ಮ ಗುರುತಿಲ್ಲದ ಊರಿಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಕಲಿಸಿಕೊಟ್ಟೆ: “ಡಾಕ್ಟರ್ ಕೇಳಿದ್ರ ಇದ ಮೊದಲ್ನೇದ್ದು ಅನ್ನು.”

“ಸುಳ್ಳಲ್ಲೇನ್ರಿ ಅಕ್ಕೋರ?”

“ಆಡೂದೈತೋ ಇಲ್ಲೋ?”

ಅಲ್ಲಿ ಡಾಕ್ಟರು ಕೇಳಿದಾಗ ಕಣ್ಣು ಮಿಟುಕಿಸದೆ ಹೇಳಿದಳು. ಎಷ್ಟು ಚೊಲೋ ಹೇಳಿದಳಲ್ಲ ಅಂತ ನನಗೆ ಆಗ ಮೆಚ್ಚುಗೆಯೇ ಆಯಿತು.

ರಾಜ್ಯ ಮಟ್ಟದ ಎರಡನೇ ಪಂದ್ಯದಲ್ಲಿ ‘ಖೋ’ ಬಿತ್ತು, ಸೀಮಾ ಅರ್ಧ ಎದ್ದು ಅಲ್ಲೇ ಕುಸಿದಳು. ಕೂಗಲಿಲ್ಲ, ಮೊಣಕಾಲನ್ನು ಎರಡೂ ಕೈಯಿಂದ ಅವುಚಿ ಹಿಡಿದು ನನ್ನ ಕಡೆ ನೋಡಿದಳು.

ಹೋದ ಸೋಮವಾರ ಹುಬ್ಬಳ್ಳಿಯಲ್ಲಿ ಆಟಗಾರರನ್ನೇ ನೋಡುವ ಒಬ್ಬ ಡಾಕ್ಟರ ಹತ್ತಿರ ಹೋದೆವು, ಮೂವರೂ. ಸ್ಕ್ಯಾನಿನಲ್ಲಿ ಪಟ್ಟಿ ಅರ್ಧ ಹರಿದದ್ದು ಕಾಣುತ್ತಿತ್ತು. ಆಕೆಯದೇ ರಕ್ತ ತೆಗೆದು, ಮಶೀನಿನಲ್ಲಿ ತಿರುಗಿಸಿ, ಅದರ ಸತ್ವವನ್ನು ಹರಿದ ಜಾಗಕ್ಕೆ ಸೂಜಿಯಿಂದ ಬಿಡುತ್ತೇವೆ, ಕೂಡಿದರೂ ಕೂಡಬಹುದು ಅಂದರು. ಆಮೇಲೆ ಸೀಮಾಳನ್ನೇ ಕೇಳಿದರು.

“ಹಿಂದ ಈ ಮಣಕಾಲಿಗೆ ಸ್ಟಿರಾಯ್ಡ್ ಸೂಜಿ ಏನರ ಮಾಡಿಸೀರೇನವಾ?”

“ಇಲ್ರಿ.”

ಬಾಯಿ ತೆರೆಯಹೊರಟ ದೇವಕ್ಕನ ಕೈಯನ್ನು ಸೀಮಾ ಅದುಮಿದಳು. ಪಾಪ, ನನ್ನ ಮರ್ಯಾದೆ ಕಾಯುತ್ತಿದ್ದಾಳೆ ಅನ್ನಿಸಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹಗುರಾಯಿತು. ನರ್ಸು ಬಂದು ತೋಳಿಗೆ ರಬ್ಬರು ಕಟ್ಟಿದಳು. ರಕ್ತ ನೋಡಲಾರದ ದೇವಕ್ಕ ಮುಖ ತಿರುಗಿಸಿ ನನ್ನ ಸೆರಗು ಹಿಡಿದುಕೊಂಡು, “ನೀವ್ ಅದೀರಿ ಅಂತ ಧೈರ್ಯ ನೋಡ್ರಿ” ಅಂದಳು. ಅದನ್ನು ಮಾತ್ರ ನನ್ನಿಂದ ತಾಳಲಾಗಲಿಲ್ಲ.

“ಮೂರ ಆಗ್ಯಾವ್ರಿ ಡಾಕ್ಟ್ರ” ಅಂದೆ. “ಮೂರನೇದ್ದು ಇವರವ್ವಗೂ ಗೊತ್ತಿಲ್ಲ. ಕಡೀದಾಗಿ ಇನ್ನೂ ತಿಂಗಳಾಗಿಲ್ಲ.”

ಡಾಕ್ಟರು ರಬ್ಬರು ಬಿಚ್ಚಿಸಿದರು. ಈಗ ಯಾವ ಸೂಜಿಯೂ ಬೇಡ, ಕಾಲಿಗೆ ಬ್ಯಾಂಡೇಜು ಕಟ್ಟಿ ವಿಶ್ರಾಂತಿ, ಆಮೇಲೆ ಆಪರೇಷನ್ ಆದರೂ ಆಗಬಹುದು, ಒಂದು ವರ್ಷ ಮೈದಾನದ ಮುಖ ನೋಡಬಾರದು ಅಂದರು. ಇನ್ನೊಂದು ಸ್ಟಿರಾಯ್ಡ್ ಬಿದ್ದು ಆಡಿದರೆ ಪಟ್ಟಿ ಪೂರ್ತಿ ಹರಿಯುತ್ತದೆ, ಆಮೇಲೆ ಮೆಟ್ಟಿಲು ಹತ್ತುವುದೂ ಕಷ್ಟ ಅಂದರು. ಇಷ್ಟನ್ನೂ ನನ್ನ ಮುಖ ನೋಡದೆ ಹೇಳಿದರು.

ಹೊರಗಿನ ಬೆಂಚಿನ ಮೇಲೆ ದೇವಕ್ಕ ಬೈಯಲಿಲ್ಲ. ಬೈದಿದ್ದರೆ ಪಾಡಿತ್ತು. “ಮೊದಲ ಸೂಜಿ ಬೇಕಂದಾಕಿ ನಾನ ಅಲ್ಲೇನ್ರಿ ಅಕ್ಕೋರ?” ಅಂತ ಕಣ್ಣು ಒರೆಸಿಕೊಂಡಳು. ಅಲ್ಲ, ತಪ್ಪೆಲ್ಲ ನನ್ನದು ಅಂದೆ. ಆಕೆ ಕೇಳಿಸಿಕೊಂಡಳೋ ಇಲ್ಲವೋ, ಚೀಟಿ ಹಿಡಿದು ಔಷಧ ಅಂಗಡಿಯ ಕಡೆ ಹೋದಳು.

ಅವ್ವ ಮರೆಯಾಗುವುದನ್ನೇ ಸೀಮಾ ಕಾಯುತ್ತಿದ್ದಳು.

“ಯಾಕ ಹೇಳಿದ್ರಿ?” ಅಂದಳು. ದನಿಯಲ್ಲಿ ಸಿಟ್ಟಿತ್ತು. “ಜನವರಿಯಾಗ ರಾಜ್ಯ ಟೀಮಿನ ಕ್ಯಾಂಪ್ ಐತಿ. ನನ್ನ ಹೆಸರ ಬಂದೈತ್ರಿ. ಅದಕ್ಕಂತ ಇಲ್ಲ ಅಂದಿದ್ದೆ.”

ನನ್ನ ಮರ್ಯಾದೆಯ ಯೋಚನೆ ಆ ಹುಡುಗಿಗೆ ಬಂದೇ ಇರಲಿಲ್ಲ. ಆಕೆ ಬೆಂಚಿನ ಮೇಲೆ ಹತ್ತಿರ ಸರಿದು, ದನಿ ಇಳಿಸಿ, ನಾನು ಬಸ್ಸಿನಲ್ಲಿ ಮಾತಾಡಿದ ಹಾಗೆಯೇ ಮಾತಾಡಿದಳು.

“ಬೆಳಗಾವ್ಯಾಗ ಯಾರರ ಡಾಕ್ಟರ್ ಇರ್ತಾರಲ್ರಿ? ಅವ್ವಗ ಹೇಳೂದ ಬ್ಯಾಡ. ಇದ ಮೊದಲ್ನೇದ್ದು ಅಂತೇನಿ.”

“ಇಲ್ಲ ಸೀಮಾ” ಅಂದೆ. “ಇನ್ನ ಎಲ್ಲೂ ಹೋಗೂದಿಲ್ಲ.”

ಆಟದ ವಿಷಯದಲ್ಲಿ ನಾನು ಆಕೆಗೆ ಇಲ್ಲ ಅಂದದ್ದು ಅದೇ ಮೊದಲು. ಆಕೆ ನಂಬಲಿಲ್ಲ. ಅವ್ವ ಬರುತ್ತಿರುವುದನ್ನು ನೋಡಿ, “ಆತ್ರಿ, ಆಮ್ಯಾಲೆ ಮಾತಾಡೂಣು” ಅಂದಳು.