ಬಿಳೀ ಗೆಡ್ಡೆಯ ಊರಿಗೆ ಕೆಂಪು ಅಂಗಿ

ಮಾರ್ಚ್ ತಿಂಗಳ ಗಾಳಿ ಲಾರ್ಕಿನ್ ಊರಿಗೆ ಹೊಸದೇನಲ್ಲ. ವಯೋಮಿಂಗ್ ಕಡೆಯಿಂದ ಹೊರಟು ನೆಬ್ರಾಸ್ಕದ ಈ ಮೂಲೆಗೆ ಬರುವಷ್ಟರಲ್ಲಿ, ದಾರಿಯಲ್ಲಿ ಸಿಕ್ಕ ಹೊಲಗಳ ಮಣ್ಣನ್ನೆಲ್ಲ ಮಡಿಲಿಗೆ ತುಂಬಿಕೊಂಡು, ಯಾರೋ ಒಣಹಾಕಿದ ಬಟ್ಟೆಯ ಮೇಲೆ ಸುರಿದು ಮುಂದೆ ಹೋಗುತ್ತದೆ. ಊರಾಚೆ ಟ್ರ್ಯಾಕ್ಟರುಗಳು ಸಕ್ಕರೆ ಬೀಟಿನ ಬಿತ್ತನೆಗೆ ನೆಲ ಹದಮಾಡುತ್ತಿದ್ದವು. ಬೇಸ್‌ಬಾಲ್ ಮೈದಾನದ ಗ್ಯಾಲರಿಯ ಕೆಳಗಿನ ಕೋಣೆಯಲ್ಲಿ ಚೆಲೊ ಲುಹಾನ್ ಕಳೆದ ವರ್ಷದ ಆಟಗಾರರನ್ನು ಬಿಚ್ಚುತ್ತಿದ್ದಳು. ಆಟಗಾರರನ್ನು ಎಂದರೆ ಅವರ ಹೆಸರುಗಳನ್ನು.

ಲಾರ್ಕಿನ್‌ನ ತಂಡ ಸಣ್ಣದು. ಹುಡುಗರು ಒಂದು ಬೇಸಿಗೆ ಆಡುತ್ತಾರೆ, ದೊಡ್ಡ ತಂಡದ ಕನಸು ಕಾಣುತ್ತಾರೆ, ಸೆಪ್ಟೆಂಬರಿನಲ್ಲಿ ಮನೆಗೆ ಹೋಗಿ ಟೈರ್ ಮಾರುತ್ತಾರೆ. ಅಂಗಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಬೆನ್ನಿನ ಮೇಲಿನ ಹೆಸರು ಬಿಚ್ಚಿ ಹೊಸ ಹೆಸರು ಹೊಲಿದರೆ ಮುಂದಿನ ವರ್ಷಕ್ಕೆ ಆಯಿತು. ಇಪ್ಪತ್ತಾರು ವರ್ಷದಿಂದ ಚೆಲೊ ಮಾಡುತ್ತ ಬಂದ ಕೆಲಸ ಇದು. ಹದಿನಾಲ್ಕನೆಯ ನಂಬರಿನ ಅಂಗಿಯನ್ನು ಬೆಳಕಿಗೆ ಹಿಡಿದರೆ ಐದು ಹೆಸರುಗಳ ಸೂಜಿಗುರುತು ಒಂದರ ಮೇಲೊಂದು ಕಾಣುತ್ತಿತ್ತು.

ತಂಡದ ಮ್ಯಾನೇಜರ್ ಲೋವೆಲ್ ಡೈಟ್ಸ್ ಬಾಗಿಲು ತಳ್ಳಿಕೊಂಡು ಬಂದ. ಜೊತೆಗೆ ಒಬ್ಬ ತೆಳ್ಳಗಿನ ಮನುಷ್ಯ. ಹೊಲಕ್ಕೆ ಕಾಲಿಡದ ಬೂಟು, ಹೊಲದವರು ಹಾಕುವಂಥ ಅಂಗಿ.

"ಚೆಲೊ, ಇವರು ಕೋಲ್ಬಿ ಪ್ರೆಸ್ಕಾಟ್. ಶಿಕಾಗೊದಿಂದ ಬಂದಿದಾರೆ. ನಮ್ಮ ತಂಡಕ್ಕೆ ಹೊಸ ಅಂಗಿ ಮಾಡ್ತಾರೆ. ಮಾಮೂಲಿ ಅಂಗಿ ಅಲ್ಲ, ಊರಂಗಿ. ಶನಿವಾರಕ್ಕೊಂದ್ಸಲ ಹಾಕೋದು. ದೊಡ್ಡ ತಂಡಗಳೆಲ್ಲ ಮಾಡಿಸ್ಕೊಂಡಿವೆ."

"ನಾನು ಅಂಗಿ ಮಾಡಲ್ಲ," ಎಂದ ಕೋಲ್ಬಿ, ನೋಯದಂತೆ ತಿದ್ದುತ್ತ. "ಊರಿನ ಎದೆಬಡಿತ ಕೇಳ್ತೀನಿ."

"ಎಷ್ಟು ದಿನ ಕೇಳ್ತೀರಿ?" ಎಂದಳು ಚೆಲೊ.

"ನಾಳೆ ಮಧ್ಯಾಹ್ನದವರೆಗೂ ಇರ್ತೀನಿ."

ಊರಿನ ಎದೆ ನೂರಿಪ್ಪತ್ತು ವರ್ಷದಿಂದ ಬಡಿಯುತ್ತಿತ್ತು. ಕೇಳಲು ಒಂದೂವರೆ ದಿನ ಸಿಕ್ಕಿತು. ಅದರಲ್ಲಿ ಊಟದ ಹೊತ್ತೂ ಸೇರಿತ್ತು.

ಹೊರಗಿನ ಓಣಿಯ ಗೋಡೆಯ ಮೇಲೆ ಒಂದು ಹಳೇ ಫೋಟೊ ಇತ್ತು. ಒಂಬತ್ತು ಜನ ಹುಡುಗರು, ಕೆಳಗೆ 'ಲಾರ್ಕಿನ್ ತಂಡ, ಜಿಲ್ಲಾ ಚಾಂಪಿಯನ್ನರು, 1954' ಎಂಬ ಬರಹ. ಕೋಲ್ಬಿ ಅದರ ಮುಂದೆ ನಿಂತುಬಿಟ್ಟ.

"ಇದ್ಯಾವ ಬಟ್ಟೆ? ಏನೋ ಅಚ್ಚು ಕಾಣುತ್ತಲ್ಲ?"

"ಸಕ್ಕರೆ ಚೀಲ," ಎಂದಳು ಚೆಲೊ. "ನಮ್ಮಜ್ಜಿ ಹೊಲಿದಿದ್ದು. ಅಂಗಿ ಆ ತಂಡದ್ದಲ್ಲ. ರೈಲುಹಳಿಯ ಆಚೆ ಮೆಕ್ಸಿಕೊ ಕಡೆಯ ಬೀಟ್ ಕೂಲಿಗಳ ಕೇರಿ ಇತ್ತು, ಕೊಲೊನಿಯಾ ಅಂತಿದ್ವಿ. ಅಲ್ಲೊಂದು ತಂಡ ಇತ್ತು. ನಮ್ಮಪ್ಪ ಅದರಲ್ಲಿ ಚೆಂಡು ಎಸೀತಿದ್ದ. ಫೈನಲ್ ದಿನ ಈ ಊರಿನವರ ಅಂಗಿ ಹೊತ್ತ ಲಾರಿ ದಾರೀಲಿ ಕೆಟ್ಟು ನಿಂತಿತ್ತು. ನಮ್ಮೋರ ಹತ್ರ ಬಂದು, ಒಂಬತ್ತು ಅಂಗಿ ಕೊಡಿ, ಸಂಜೆ ಒಳಗೆ ವಾಪಸ್ ಅಂದ್ರು."

"ಕೊಟ್ರಾ?"

"ನಮ್ಮೋರು ಕೊಟ್ರು. ಅವರು ಗೆದ್ರು. ಗೆದ್ದ ಅಂಗಿ ಅದೃಷ್ಟದ ಅಂಗಿ ಅಂತೆ. ಆ ಸಂಜೆ ಇನ್ನೂ ಆಗಿಲ್ಲ."

ಲೋವೆಲ್ ಗೋಡೆಯ ಬೇರೊಂದು ಭಾಗವನ್ನು ಆಸಕ್ತಿಯಿಂದ ನೋಡಿದ. ಅಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಬಿಟ್ಟರೆ ಏನೂ ಇರಲಿಲ್ಲ. ಫೋಟೊದಲ್ಲಿ ಎಡಗಡೆಯಿಂದ ಮೂರನೆಯವನು ಅವನ ಅಪ್ಪ.

ಕೋಲ್ಬಿಯ ಕಣ್ಣು ಒದ್ದೆಯಾಯಿತು. ಅದು ಅವನಿಗೆ ಕಷ್ಟದ ಕೆಲಸವೇನಲ್ಲ. "ಈ ಕತೆ ಅಂಗಿ ಮೇಲೆ ಬರುತ್ತೆ. ನಿಮ್ಮ ತಂದೆಯ ತಂಡದವರ ಹೆಸರೂ ಬರುತ್ತೆ. ಇದು ನನ್ನ ಮಾತು," ಎಂದು ಚೆಲೊಳ ಎರಡೂ ಕೈ ಹಿಡಿದ.

ಚೆಲೊ ಮನೆಗೆ ಹೋಗಿ ಅಪ್ಪನಿಗೆ ಹೇಳಿದಳು. ಅಬುಂದಿಯೊ ಲುಹಾನನಿಗೆ ತೊಂಬತ್ತೊಂದು. ಬೀನ್ಸು ಹಚ್ಚಿದ ಟೋರ್ಟಿಯಾ ರೊಟ್ಟಿಯನ್ನು ಸುರುಳಿ ಸುತ್ತಿ ತಿನ್ನುತ್ತಿದ್ದ.

"ಮಾತು ಕೊಟ್ಟಿದಾನೆ ಅಪ್ಪಾ."

"ಅವರೂ ಕೊಟ್ಟಿದ್ರು," ಎಂದ ಅಬುಂದಿಯೊ. ಇನ್ನೊಂದು ತುತ್ತು ನುಂಗಿ, "ಇವನಿಗಾದರೂ ಒಂದ್ಸಲ ಹೆಸರು ಸರಿಯಾಗಿ ಬರೆದುಕೊಡು. ನನ್ನ ಕಣ್ಣಿರೋವಾಗ್ಲೇ ಓದ್ಬೇಕು," ಎಂದ.

ಚೆಲೊ ಬರೆದುಕೊಟ್ಟಳು. ಒಂಬತ್ತು ಜನರ ಹೆಸರು, ದೊಡ್ಡ ಅಕ್ಷರದಲ್ಲಿ.

ಏಪ್ರಿಲ್ ಕೊನೆಗೆ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಊರವರ ಸಭೆ ಸೇರಿತು. ಲಾರ್ಕಿನ್‌ನಲ್ಲಿ ಸಭೆ ಎಂದರೆ ಬೀನ್ಸಿನ ಖಾರದ ಚಿಲಿ, ಅದಕ್ಕೆ ನಂಚಿಕೊಳ್ಳಲು ದಾಲ್ಚಿನ್ನಿಯ ಸಿಹಿ ಬನ್ನು. ಎಲ್ಲರೂ ತಟ್ಟೆ ಹಿಡಿದು ಕೂತ ಮೇಲೆ ಕೋಲ್ಬಿ ಒಂದು ಬೊಂಬೆಗೆ ಹೊದಿಸಿದ್ದ ಬಟ್ಟೆ ಸರಿಸಿದ.

ಅಂಗಿ ಕೆಂಪಾಗಿತ್ತು. ಸುಮ್ಮನೆ ಕೆಂಪಲ್ಲ, ಈಗತಾನೇ ಹೆಚ್ಚಿದ ಬೀಟ್‌ರೂಟಿನ ರಸದ ಕೆಂಪು. ಎದೆಯ ಮೇಲೆ ಹಲ್ಲು ಕಿರಿದ ಕೆಂಪು ಗೆಡ್ಡೆ, ಅದರ ಕೈಯಲ್ಲಿ ಬ್ಯಾಟು.

"ಈ ಮಣ್ಣಿನ ರಕ್ತ," ಎಂದ ಕೋಲ್ಬಿ, ತಗ್ಗಿದ ದನಿಯಲ್ಲಿ. "ನಿಮ್ಮ ಬೀಟು."

ಸಕ್ಕರೆ ಬೀಟು ಕೆಂಪಲ್ಲ. ಅಡುಗೆಮನೆಯ ಬೀಟ್‌ರೂಟಿಗೆ ಅದು ದಾಯಾದಿ ನಿಜ, ಆದರೆ ಬಣ್ಣದಲ್ಲಿ ಅದಕ್ಕೆ ಪಾಲು ಸಿಗಲಿಲ್ಲ. ಮೂಲಂಗಿಯಂತೆ ಬಿಳಿ. ಆ ಹಾಲ್‌ನಲ್ಲಿ ಕೂತಿದ್ದ ಎಪ್ಪತ್ತು ಜನರಲ್ಲಿ ಅದನ್ನು ಬಿತ್ತದವರು, ಕೀಳದವರು, ಹೊರದವರು ಯಾರೂ ಇರಲಿಲ್ಲ. ಊರಿನ ಕಾರ್ಖಾನೆಯ ಮುಂದೆ ಚಳಿಗಾಲವಿಡೀ ಅದರ ಗುಡ್ಡವೇ ಬಿದ್ದಿರುತ್ತದೆ. ಕೋಲ್ಬಿ ಬಂದಾಗ ಮಾರ್ಚ್. ಗುಡ್ಡ ಆಗಲೇ ಸಕ್ಕರೆಯಾಗಿಹೋಗಿತ್ತು.

ಆದರೆ ಲಾರ್ಕಿನ್‌ನಲ್ಲಿ ಬಂದ ಅತಿಥಿಯ ತಪ್ಪನ್ನು ಅವನ ಮುಖಕ್ಕೆ ಹೇಳುವುದು ಕೊಲೆಗಿಂತ ಒಂದೇ ಮೆಟ್ಟಿಲು ಕೆಳಗಿನ ಅಪರಾಧ. ಎಪ್ಪತ್ತು ಜನ ಚಮಚ ನಿಲ್ಲಿಸಿದರು. ಪ್ರತಿಯೊಬ್ಬನೂ ಪಕ್ಕದವನು ಹೇಳಲಿ ಎಂದು ಕಾದ. ಪಕ್ಕದವನು ಬನ್ನು ಮುರಿದ.

"ಒಳ್ಳೇ ಎದ್ದುಕಾಣೋ ಬಣ್ಣ," ಎಂದ ನಾನೂರು ಎಕರೆ ಬೀಟು ಬೆಳೆಯುವ ಗೆರ್ಹಾರ್ಟ್ ಕ್ನಿಸ್.

"ಕಳೆದುಹೋಗಲ್ಲ," ಎಂದಳು ಅವನ ಹೆಂಡತಿ.

"ಹೊಲಿಗೆ ಗಟ್ಟಿ ಇದೆ," ಎಂದು ಇನ್ನೊಬ್ಬರು ಬಟ್ಟೆ ಮುಟ್ಟಿ ನೋಡಿದರು.

ಕೋಲ್ಬಿ ಎಲ್ಲವನ್ನೂ ಸಂತೋಷದಿಂದ ಬರೆದುಕೊಂಡ.

ಚೆಲೊ ಹಾಗೆ ಹುಟ್ಟಿದವಳಲ್ಲ. ಕೊಲೊನಿಯಾದ ಜನ ತಪ್ಪನ್ನು ತಪ್ಪು ಎನ್ನುತ್ತಾರೆ, ಜೋರಾಗಿಯೂ ಎನ್ನುತ್ತಾರೆ. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೋಲ್ಬಿ ಅವಳ ಕಡೆ ನೋಡಿ ಕಣ್ಣು ಮಿಟುಕಿಸಿ, ಅಂಗಿಯ ಒಳಗಂಚನ್ನು ತೋರಿಸಿದ. "ಇಲ್ಲಿ ಒಂದು ಕತೆ ಬರುತ್ತೆ," ಎಂದ. ಇವನ ಕೆಂಪನ್ನು ಕೆಡಿಸಿದರೆ ಇವನು ಒಂಬತ್ತು ಹೆಸರನ್ನೂ ಕೆಡಿಸಿಯಾನು ಎಂದುಕೊಂಡಳು ಚೆಲೊ. ಅಪ್ಪ ಓದುವುದಿದ್ದರೆ ಊರು ಕೆಂಪಾಗಲಿ. ಚಿಲಿಯ ಜೊತೆ ಮಾತನ್ನೂ ನುಂಗಿದಳು.

ಮೇ ಎರಡನೆಯ ಗುರುವಾರ ಪೆಟ್ಟಿಗೆ ಬಂತು. ಒಂದು ದಿನ ಬಿಟ್ಟು ಶನಿವಾರ ಆಟ. ಚೆಲೊ ಮೊದಲ ಅಂಗಿ ತೆಗೆದು ಒಳಗಂಚು ಮಗುಚಿದಳು. ಕತೆ ಅಚ್ಚಾಗಿತ್ತು.

'1954ರಲ್ಲಿ ನಮ್ಮ ಲಾರ್ಕಿನ್ ತಂಡದ ವೀರರು, ರೈತರ ಮೇಲಿನ ಪ್ರೀತಿಯಿಂದ, ಸಕ್ಕರೆ ಚೀಲದ ಅಂಗಿ ತೊಟ್ಟು ಗೆದ್ದರು.'

ಅಷ್ಟೇ. ಮುಂದೆ ತೊಳೆಯುವ ವಿಧಾನ ಇತ್ತು: ತಣ್ಣೀರು, ಬೇರೆಯಾಗಿ, ಬಣ್ಣ ಬಿಡಬಹುದು.

ಅವಳು ಅಂಗಿ ಹಿಡಿದುಕೊಂಡೇ ಲೋವೆಲ್‌ನ ಕೋಣೆಗೆ ಹೋದಳು.

"ಇದೇನೋ ಲೋವೆಲ್? ಪ್ರೀತಿಯಂತೆ!"

ಲೋವೆಲ್ ಓದಿ ಕನ್ನಡಕ ತೆಗೆದ. "ಚೆಲೊ, ಕೋಲ್ಬಿ ಫೋನ್ ಮಾಡಿದ್ರು. ಸಾಲ ಇಸ್ಕೊಂಡ ಅಂಗಿ ಅಂದ್ರೆ ಕೊಳ್ಳೋರಿಗೆ ಮುಜುಗರ ಆಗುತ್ತಂತೆ. ಕತೆ ಸ್ವಲ್ಪ ನೇರ ಮಾಡಿದಾರೆ."

"ನೇರ?"

"ಜಾಗ ಸಾಲ್ಲಿಲ್ಲ ಅಂದ್ರು."

"ನಿಮ್ಮಪ್ಪ ಇನ್ನೂ ಬದುಕಿದಾನೆ. ಪ್ರೀತಿಯಿಂದ ಹಾಕ್ಕೊಂಡ್ಯಾ ಅಂತ ಕೇಳು."

ಲೋವೆಲ್ ಕಿಟಕಿಯಾಚೆ ನೋಡಿದ. "ಹೆಸರುಗಳನ್ನ ಶನಿವಾರ ಬೆಳಿಗ್ಗೆ ಒಳಗೆ ಹೊಲಿದು ಮುಗಿಸ್ತೀರಾ? ನಿಮ್ಮನ್ನ ಬಿಟ್ಟು ಯಾರಿಗೂ ಆಗಲ್ಲ."

ಅದೊಂದು ಮಾತು ಮಾತ್ರ ಅವನು ನಿಜ ಹೇಳಿದ್ದ.

ಚೆಲೊ ಕೋಣೆಗೆ ಬಂದು ಯಂತ್ರದ ಮುಂದೆ ಕೂತಳು. ಶುಕ್ರವಾರ ಮಧ್ಯಾಹ್ನ ಕೋಚ್ ಆಡುವ ಒಂಬತ್ತು ಜನರ ಪಟ್ಟಿ ಕಳಿಸಿದ. ಅವಳು ನಂಬರು ನೋಡಿ ಆ ಒಂಬತ್ತು ಅಂಗಿಗಳನ್ನು ಬೇರೆ ಇಟ್ಟಳು. ಬಿಳಿಯ ಅಕ್ಷರಗಳನ್ನು ಕತ್ತರಿಸಿದಳು, ಬೆನ್ನಿನ ಮೇಲೆ ಕಮಾನಾಗಿ ಜೋಡಿಸಿದಳು, ಗುಂಡುಸೂಜಿ ಚುಚ್ಚಿದಳು. ಲುಹಾನ್. ತಾಫೋಯ. ಮೆಡ್ರಾನೊ. ಒಲಿವಾಸ್. ಆತುರ ಮಾಡಲಿಲ್ಲ. ಪ್ರತಿ ಅಕ್ಷರದ ಸುತ್ತ ಎರಡೆರಡು ಸುತ್ತು ಹೊಲಿಗೆ ಹಾಕಿದಳು. ಬಿಚ್ಚುವವರಿಗೆ ಬೆರಳು ನೋಯಲಿ ಎಂದು.

ಶನಿವಾರ ಬೆಳಿಗ್ಗೆ ಒಕ್ಲಹೋಮದಿಂದ ಬಂದ ಹುಡುಗ ತನ್ನ ಅಂಗಿ ತಿರುಗಿಸಿ ನೋಡಿದ. "ಚೆಲೊ ಆಂಟಿ, ನನ್ನ ಹೆಸರು ಬಕ್ನರ್. ಇದರಲ್ಲಿ ಮೆಡ್ರಾನೊ ಅಂತಿದೆ."

"ಇವತ್ತು ಪರಂಪರೆ ದಿನ ಕಣೋ."

ಹುಡುಗ ಎದೆಯ ಮೇಲಿನ ಹಲ್ಲು ಕಿರಿದ ಗೆಡ್ಡೆ ನೋಡಿದ, ಬೆನ್ನಿನ ಹೆಸರು ನೋಡಿದ. ಇಂಥದ್ದನ್ನು ತೊಡಲು ಒಪ್ಪಿದ ಮೇಲೆ ಹೆಸರಿನದೇನು ಮಹಾ? ತಲೆಗೆ ಸಿಕ್ಕಿಸಿಕೊಂಡ.

ಮಧ್ಯಾಹ್ನ ಒಂದಕ್ಕೆ ತಂಡ ಮೈದಾನಕ್ಕೆ ಓಡಿತು. ಹಸಿರು ಹುಲ್ಲಿನ ಮೇಲೆ ಒಂಬತ್ತು ಕೆಂಪು ಗೆಡ್ಡೆಗಳು. ಪಕ್ಕದ ಜಿಲ್ಲೆಯ ತಂಡದವರು ಬಾಯಿಗೆ ಕೈಗವಸು ಅಡ್ಡ ಹಿಡಿದು ನಕ್ಕರು. ಲಾರ್ಕಿನ್‌ನವರು ನಗಲಿಲ್ಲ, ಮರ್ಯಾದಸ್ಥರು. ಆಮೇಲೆ ಹುಡುಗರು ತಮ್ಮ ತಮ್ಮ ಜಾಗಕ್ಕೆ ಬೆನ್ನು ತಿರುಗಿಸಿ ನಡೆದರು. ಧ್ವನಿವರ್ಧಕ ಬಕ್ನರ್ ಎಂದಿತು. ಬೆನ್ನು ಮೆಡ್ರಾನೊ ಎಂದಿತು. ಧ್ವನಿವರ್ಧಕ ಇನ್ನೊಂದು ಹೆಸರು ಓದಿ, ಕೆಮ್ಮಿ, ಸುಮ್ಮನಾಯಿತು.

ಎರಡು ಸಾವಿರ ಜನ ಓದಿದರು. ಹಳಿಯಾಚೆಯ ಹೆಸರುಗಳು ಎಲ್ಲರಿಗೂ ಗೊತ್ತು. ಲೋವೆಲ್ ಮೆಟ್ಟಿಲ ಬಳಿ ಎದ್ದುನಿಂತು ಸುತ್ತ ನೋಡಿದ, ಯಾರಾದರೂ ಏನಾದರೂ ಅನ್ನಲಿ, ತಾನು ಹೋಗಿ ನಿಲ್ಲಿಸುತ್ತೇನೆ ಎಂಬಂತೆ. ಯಾರೂ ಏನೂ ಅನ್ನಲಿಲ್ಲ. ತಪ್ಪನ್ನು ಮುಖಕ್ಕೆ ಹೇಳುವ ಊರಲ್ಲವಲ್ಲ ಅದು.

"ಅಕ್ಷರ ನೀಟಾಗಿವೆ," ಎಂದ ಗೆರ್ಹಾರ್ಟ್ ಕ್ನಿಸ್.

"ದೂರದಿಂದ ಓದೋಕಾಗುತ್ತೆ," ಎಂದಳು ಅವನ ಹೆಂಡತಿ.

ಲೋವೆಲ್ ಕೂತುಕೊಂಡ.

ಮೊದಲ ಬೇಸಿನ ಪಕ್ಕದ ಬೆಂಚಿನಲ್ಲಿ ಅಬುಂದಿಯೊ ಮೊಣಕಾಲ ಮೇಲೆ ಕೈ ಊರಿ, ತುಟಿ ಆಡಿಸುತ್ತ ಓದುತ್ತಿದ್ದ. ಚೆಲೊ ಪಕ್ಕದಲ್ಲಿ ಕೂತು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ತಾಫೋಯನ್ನ ಮೂರನೇ ಬೇಸ್‌ನಲ್ಲಿ ಯಾಕೆ ನಿಲ್ಲಿಸಿದೀಯ?" ಎಂದ. "ಅವನಿಗೆ ಎಸೆಯೋಕೇ ಬರ್ತಿರ್ಲಿಲ್ಲ."

"ಕೋಚ್‌ನ ಕೇಳು ಅಪ್ಪಾ."

"ಬಣ್ಣ ಹೊಲಸಾಗಿದೆ."

"ಗೊತ್ತು."

ಐದನೆಯ ಸರದಿ ಮುಗಿಯುತ್ತಿದ್ದಂತೆ ಎದುರು ಸಾಲಿನಲ್ಲಿ ಲೋವೆಲ್‌ನ ಅಪ್ಪ ರೂಬೆನ್ ಡೈಟ್ಸ್ ಊರುಗೋಲು ಹಿಡಿದು ಎದ್ದ. ಮಗ ಕೈ ಹಿಡಿಯಲು ಹೋದರೆ ಕೊಡವಿದ. ಜನ ಮೊಣಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು. ಇಪ್ಪತ್ತು ಹೆಜ್ಜೆಯ ದಾರಿಗೆ ಅರ್ಧ ಸರದಿ ಹಿಡಿಯಿತು.

"ಲುಹಾನ್."

"ಡೈಟ್ಸ್."

"ಬಿಸಿಲು ಜೋರು."

"ಹೂಂ. ಒಂದು ಮಳೆ ಬಂದ್ರೆ ಬೀಟಿಗೆ ಒಳ್ಳೇದು."

ರೂಬೆನ್ ಮೈದಾನದ ಕಡೆ ನೋಡಿದ. "ಆ ಅಂಗಿ. ನಾನು ವಾಪಸ್ ಕೊಡ್ಲಿಲ್ಲ."

"ಗೊತ್ತು."

"ಕಂಕುಳಲ್ಲಿ ಬಿಗಿ ಇತ್ತು."

"ನಿನ್ನ ಅಳತೆಗೆ ಹೊಲಿದಿದ್ದಲ್ಲ. ನಮ್ಮಮ್ಮ ಮೆಡ್ರಾನೊಗೆ ಹೊಲಿದಿದ್ಲು."

"ಎರಡು ವರ್ಷ ಹಾಕ್ಕೊಂಡೆ. ಆಮೇಲೆ ನಮ್ಮವಳು ಅದರಲ್ಲಿ ಕಾರಿನ ಗಾಜು ಒರೆಸ್ತಿದ್ಲು. ಹತ್ತು ವರ್ಷ ಬಾಳಿಕೆ ಬಂತು."

"ಬಟ್ಟೆ ಗಟ್ಟಿ."

"ಗಟ್ಟಿ." ರೂಬೆನ್ ಊರುಗೋಲನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. "ಕೊಡ್ಬೇಕಿತ್ತು ಕಣಪ್ಪ. ಅದೇ ಸಂಜೆ ಕೊಡ್ಬೇಕಿತ್ತು. ಗೊತ್ತಿದ್ದೂ ಕೊಡ್ಲಿಲ್ಲ."

ಹಿಂದಿನ ಮೂರು ಸಾಲಿನವರಿಗೆ ಮೈದಾನದ ಮೇಲೆ ಇದ್ದಕ್ಕಿದ್ದಂತೆ ಬಹಳ ಆಸಕ್ತಿ ಬಂತು.

ಅಬುಂದಿಯೊ ಮಗಳನ್ನು ಮೊಣಕೈಯಿಂದ ತಿವಿದ. ಚೆಲೊ ಸರಿದು ಜಾಗ ಮಾಡಿದಳು. ರೂಬೆನ್ ಏದುಸಿರು ಬಿಡುತ್ತ ಕೂತ.

"ಒಂದು ಬಂತು," ಎಂದ ಅಬುಂದಿಯೊ, ಕಿವುಡರ ದೊಡ್ಡ ದನಿಯಲ್ಲಿ. "ಇನ್ನೆಂಟು."

"ಆ ಎಂಟೂ ಜನ ಸ್ಮಶಾನದಲ್ಲಿದಾರಲ್ಲ ಅಪ್ಪಾ."

"ಇರ್ಲಿ. ಅದಕ್ಕೆ ಬಾಕಿ ತೀರುತ್ತಾ?"

"ತೀರಲ್ಲ," ಎಂದ ರೂಬೆನ್ ಡೈಟ್ಸ್, ಮತ್ತು ಕಡಲೆಕಾಯಿಯ ಪೊಟ್ಟಣವನ್ನು ಅವನ ಕಡೆ ಚಾಚಿದ.